ನೆಟ್‌ವರ್ಕ್ ಹೋದಾಗಲೂ ನಡೆಯಬೇಕು

ಕೇಳುಗರಿಗೆ ನಮಸ್ಕಾರ.

ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ 227 ಕಿಲೋಮೀಟರ್ ಸಾಗುತ್ತದೆ. ಕೊನೆ ಭಾಗದ ರೈತರು ಹಂಗಾಮಿನಲ್ಲಿ ದಿನ ಬೆಳಗಾದರೆ ಕೇಳುವುದು ಒಂದೇ ಮಾತು: ಮೈಲ್ 104ರಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟಿದೆ? ಆ ಗೇಜ್ ಇಳಿದರೆ ಮಾನ್ವಿ, ಸಿರವಾರ, ರಾಯಚೂರು ಕಡೆಯ ಹೊಲಗಳಿಗೆ ನೀರು ಮುಟ್ಟುವುದಿಲ್ಲ. ಒಂದು ಅಂಕಿಯ ಮೇಲೆ ಇಷ್ಟೊಂದು ಮನೆಗಳ ಕಣ್ಣಿದೆ.

ಈಗ ಹೀಗೆ ಯೋಚಿಸಿ. ಕಾಲುವೆಯ ಉದ್ದಕ್ಕೂ ಇಪ್ಪತ್ತು ಮೂವತ್ತು ಕಡೆ ನೀರಿನ ಮಟ್ಟ ಅಳೆಯುವ ಸೆನ್ಸರ್ ಹಾಕಿದೆವು. ಪಕ್ಕದಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ, ಅದರೊಳಗೆ ಚಿಕ್ಕ ಕಂಪ್ಯೂಟರ್, ಮೇಲೆ ಒಂದು ಕ್ಯಾಮೆರಾ. ಹಾಕುವ ದಿನ ಫೋಟೋ ತೆಗೆಸಿಕೊಳ್ಳಲು ಎಲ್ಲರೂ ಬರುತ್ತಾರೆ. ಆಮೇಲೆ ಐದು ವರ್ಷ ಆ ಪೆಟ್ಟಿಗೆಗಳನ್ನು ನೋಡಿಕೊಳ್ಳುವವರು ಯಾರು, ಹೇಗೆ? ಇವತ್ತು ನಾನು ಮಾತಾಡುವುದು ಇದರ ಬಗ್ಗೆ. ನನ್ನ ಕೆಲಸವೂ ಇದೇ.

ಮಾಹಿತಿ ಹುಟ್ಟುವ ಜಾಗದಲ್ಲೇ ಕಂಪ್ಯೂಟರ್ ಇಟ್ಟು, ಅಲ್ಲೇ ಲೆಕ್ಕ ಮಾಡಿಸುವುದಕ್ಕೆ ಎಡ್ಜ್ ಕಂಪ್ಯೂಟಿಂಗ್ ಎನ್ನುತ್ತಾರೆ. ಹೆಸರು ಹೊಸದು ಅನ್ನಿಸಬಹುದು, ಆದರೆ ಇದು ನಮ್ಮ ಸುತ್ತಲೇ ಇದೆ. ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್‌ಮಿಲ್‌ಗಳಲ್ಲಿ ಸಾರ್ಟೆಕ್ಸ್ ಯಂತ್ರ ನೋಡಿದ್ದೀರಲ್ಲ? ಬೀಳುತ್ತಿರುವ ಅಕ್ಕಿಯನ್ನು ಕ್ಯಾಮೆರಾ ನೋಡುತ್ತದೆ. ಕಪ್ಪು ಕಾಳು ಕಂಡ ಕೂಡಲೇ ಗಾಳಿ ಊದಿ ಹೊರಗೆ ಹಾಕುತ್ತದೆ. ಕಾಳು ಬೀಳುವಷ್ಟರಲ್ಲಿ ತೀರ್ಮಾನ ಆಗಿಬಿಡಬೇಕು. ದೂರದ ಊರಿನ ಕಂಪ್ಯೂಟರ್‌ಗೆ ಕೇಳಿ ಉತ್ತರ ತರಿಸುವ ಹಾಗಿಲ್ಲ. ಕೊಪ್ಪಳದ ಗಾಳಿಯಂತ್ರಗಳ ಒಳಗೂ ಇಂಥದ್ದೇ ಒಂದು ಕಂಪ್ಯೂಟರ್ ಕೂತಿದೆ.

ಆದರೆ ಕಾಲುವೆಗೆ ಇದು ಯಾಕೆ ಬೇಕು? ದೂರ ಜಾಸ್ತಿ, ಅದಕ್ಕೆ ತಡವಾಗುತ್ತದೆ ಎಂದು ಹೇಳುವವರಿದ್ದಾರೆ. ನಮ್ಮ ಕಡೆಗೆ ಅದು ಅಷ್ಟು ಹೊಂದುವುದಿಲ್ಲ. ಲೆಕ್ಕ ಮಾಡುವ ದೊಡ್ಡ ಕಂಪ್ಯೂಟರ್ ಹೈದರಾಬಾದಿನಲ್ಲಿದೆ ಅನ್ನಿ. ರಾಯಚೂರಿನಿಂದ ಅಲ್ಲಿಗೆ ಸುಮಾರು 200 ಕಿಲೋಮೀಟರ್. ಫೈಬರ್ ಕೇಬಲ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ ಹೋಗಿ ಬರಲು ಸೆಕೆಂಡಿನ ಸಾವಿರ ಭಾಗದಲ್ಲಿ ಎರಡು ಭಾಗ ಸಾಕು. ಕಾಲುವೆ ನೀರಿಗೆ ಅಷ್ಟು ಅವಸರ ಎಲ್ಲಿದೆ? ನಮ್ಮ ತೊಂದರೆ ಬೇರೆ. ರಸ್ತೆ ಅಗಲ ಮಾಡಲು ಬಂದ ಜೆಸಿಬಿ ಕೇಬಲ್ ಕಿತ್ತು ಹಾಕುತ್ತದೆ. ಮಳೆಗಾಳಿಗೆ ಕರೆಂಟ್ ಹೋಗಿ, ಟವರ್‌ನ ಬ್ಯಾಟರಿ ಖಾಲಿಯಾಗಿ, ಸಿಗ್ನಲ್ ಸತ್ತುಹೋಗುತ್ತದೆ. ಇನ್ನೊಂದು ತೊಂದರೆ ಮಾಹಿತಿಯ ಭಾರದ್ದು. ಸೆಕೆಂಡಿಗೆ 2 ಮೆಗಾಬಿಟ್ ಕಳಿಸುವ ಒಂದೇ ಕ್ಯಾಮೆರಾ ದಿನಕ್ಕೆ 21 ಜಿಬಿಗಿಂತ ಜಾಸ್ತಿ ತಿನ್ನುತ್ತದೆ. ಅದನ್ನೆಲ್ಲ ಸಿಮ್ ಮೇಲೆ ಕಳಿಸಲು ಆಗುತ್ತದೆಯೇ? ಪೆಟ್ಟಿಗೆಯೇ ಚಿತ್ರ ನೋಡಿ ಮಟ್ಟ ಗುರುತಿಸಿ, ಒಂದು ಅಂಕಿ, ಬೇಕಾದರೆ ಒಂದು ಫೋಟೋ ಕಳಿಸಿದರೆ ಮುಗಿಯಿತು.

ಹಾಗಾಗಿ ಮೊದಲ ಮಾತು: ನೆಟ್‌ವರ್ಕ್ ಹೋದರೂ ಅಲ್ಲಿಯ ಕೆಲಸ ನಿಲ್ಲಬಾರದು. ಅಳತೆ ನಡೆಯುತ್ತಲೇ ಇರಬೇಕು, ಅಂಕಿಗಳು ಪೆಟ್ಟಿಗೆಯೊಳಗೇ ಕೂಡಿಕೊಳ್ಳಬೇಕು. ಸಿಗ್ನಲ್ ಬಂದಾಗ ಸಾಲಾಗಿ ಹೊರಡಬೇಕು. ಈ ಚಿಂತೆ ಹಳೆಯದೇ. 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್ ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಎಂಬ ಇಬ್ಬರು ಎಂಕ್ಯೂಟಿಟಿ ಎಂಬ ಸಂದೇಶ ಪದ್ಧತಿ ರೂಪಿಸಿದರು. ಜನವಿಲ್ಲದ ಬಯಲುಗಳಲ್ಲಿ ಹಾದುಹೋಗುವ ಎಣ್ಣೆ ಪೈಪ್‌ಲೈನ್‌ಗಳ ಸ್ಥಿತಿ ತಿಳಿಯಲು ಉಪಗ್ರಹದ ತೆಳುವಾದ, ದುಬಾರಿ ಸಂಪರ್ಕವೊಂದೇ ದಾರಿಯಾಗಿತ್ತು. ಅದಕ್ಕಾಗಿ ಮಾಡಿದ್ದು. ನಮ್ಮ ಹಳ್ಳಿಗಳ ಸಿಗ್ನಲ್‌ಗೂ ಅದು ಚೆನ್ನಾಗಿ ಒಗ್ಗುತ್ತದೆ.

ಇಲ್ಲಿ ಒಂದು ಚಿಕ್ಕ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಇದನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಅಗ್ಗದ ಎಷ್ಟೋ ಕಂಪ್ಯೂಟರ್ ಬೋರ್ಡ್‌ಗಳಲ್ಲಿ ಕರೆಂಟ್ ಹೋದಾಗಲೂ ನಡೆಯುವ ಗಡಿಯಾರ ಇರುವುದಿಲ್ಲ. ಕರೆಂಟ್ ಬಂದ ಮೇಲೆ ಅವು ನೆಟ್‌ವರ್ಕ್ ಕೇಳಿ ಸಮಯ ತಿಳಿದುಕೊಳ್ಳುತ್ತವೆ. ನೆಟ್‌ವರ್ಕೂ ಇಲ್ಲದಿದ್ದರೆ? ಹಳೆಯ ಸಮಯವನ್ನೇ ಹಿಡಿದುಕೊಂಡು ಅಂಕಿ ಬರೆಯುತ್ತಾ ಹೋಗುತ್ತವೆ. ಬೆಳಗಿನ ಜಾವ ಇಳಿದ ನೀರು ಲೆಕ್ಕದಲ್ಲಿ ನಿನ್ನೆ ಸಂಜೆ ಇಳಿದಂತೆ ಕಾಣುತ್ತದೆ. ಸರದಿ ಪ್ರಕಾರ ನೀರು ಬಿಡುವ ಕಾಲದಲ್ಲಿ ಇದು ಸಣ್ಣ ತಪ್ಪಲ್ಲ. ಮೇಲಿನ ಊರಿನವರು ರಾತ್ರಿ ನೀರು ತಿರುಗಿಸಿಕೊಂಡರು ಎಂಬ ಅಪವಾದ ಸುಮ್ನೆ ಯಾರ ಮೇಲಾದರೂ ಬರುತ್ತದೆ. ಬಟನ್ ಸೆಲ್ ಹಾಕಿದ ಒಂದು ಗಡಿಯಾರದ ಚಿಪ್ ಇದ್ದರೆ ಈ ಜಗಳವೇ ಇಲ್ಲ. ಟೆಂಡರಿನಲ್ಲಿ ಇದಕ್ಕೊಂದು ಸಾಲು ಇರಲೇಬೇಕು.

ಕರೆಂಟ್‌ನದ್ದು ಇನ್ನೊಂದು ಕಾಟ. ಕಂಪ್ಯೂಟರ್ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಮೆಮೊರಿ ಕಾರ್ಡ್ ಕೆಡುತ್ತದೆ, ಪೆಟ್ಟಿಗೆ ಮತ್ತೆ ಏಳುವುದೇ ಇಲ್ಲ. ಅದಕ್ಕೆ ಮುಖ್ಯ ಸಾಫ್ಟ್‌ವೇರ್ ಇರುವ ಭಾಗವನ್ನು ಓದಲು ಮಾತ್ರ ಬಿಟ್ಟು ಬೀಗ ಹಾಕುತ್ತೇವೆ, ಅಂಕಿ ಬರೆಯಲು ಬೇರೆ ಭಾಗ ಇಡುತ್ತೇವೆ. ಜೊತೆಗೆ ವಾಚ್‌ಡಾಗ್ ಎಂಬ ಟೈಮರ್ ಬೇಕು. ಪ್ರೋಗ್ರಾಂ ಎಲ್ಲೋ ಸಿಕ್ಕಿಕೊಂಡು ಸುಮ್ಮನಾದರೆ ಅದು ತಾನೇ ಕಂಪ್ಯೂಟರನ್ನು ಆರಿಸಿ ಹೊತ್ತಿಸುತ್ತದೆ. ಸೆಖೆಯ ಬಗ್ಗೆ ರಾಯಚೂರಿನವರಿಗೆ ಹೇಳಬೇಕಾಗಿಲ್ಲ. ಮೇ ತಿಂಗಳ ಬಿಸಿಲಲ್ಲಿ ಕಬ್ಬಿಣದ ಪೆಟ್ಟಿಗೆ ಮುಟ್ಟಿ ನೋಡಿ, ಸಾಕು. ನೆರಳು ಮಾಡಿ, ಫ್ಯಾನ್ ಇಲ್ಲದ ಕಂಪ್ಯೂಟರ್ ಹಾಕಿ, ವೈರ್ ಹೋಗುವ ತೂತುಗಳನ್ನು ಮುಚ್ಚಿ. ಇರುವೆ, ಹಲ್ಲಿ, ಇಲಿ ಬರುವುದು ಆ ತೂತಿನಿಂದಲೇ.

ಇನ್ನು ಅಪ್‌ಡೇಟ್. ನನಗೆ ಅತಿ ಹೆಚ್ಚು ಭಯ ಇರುವುದು ಇದರ ಬಗ್ಗೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ಕೆಟ್ಟ ಅಪ್‌ಡೇಟ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಬಿದ್ದುಹೋದವು. ವಿಮಾನಗಳು ನಿಂತವು, ಆಸ್ಪತ್ರೆಗಳ ಕೆಲಸ ತಡವಾಯಿತು. ಕಂಪನಿ ತಪ್ಪನ್ನು ಬೇಗನೇ ಹಿಂದಕ್ಕೆ ಪಡೆಯಿತು. ಆದರೆ ಬಿದ್ದ ಕಂಪ್ಯೂಟರ್ ಸರಿಯಾದ ಅಪ್‌ಡೇಟನ್ನು ತೆಗೆದುಕೊಳ್ಳುವುದು ಹೇಗೆ? ಎಷ್ಟೋ ಕಡೆ ಜನ ಒಂದೊಂದು ಯಂತ್ರದ ಮುಂದೆಯೂ ಹೋಗಿ ನಿಂತು ಕೈಯಿಂದ ಸರಿಮಾಡಬೇಕಾಯಿತು. ಆಫೀಸಿನ ಕಂಪ್ಯೂಟರ್‌ಗೇ ಇಷ್ಟು ಕಷ್ಟ. 227 ಕಿಲೋಮೀಟರ್ ಕಾಲುವೆ ದಂಡೆಯ ಪೆಟ್ಟಿಗೆಗಳಿಗೆ ಹಾಗಾದರೆ ಏನು ಮಾಡುವುದು?

ದಾರಿ ಇದೆ. ಪೆಟ್ಟಿಗೆಯೊಳಗೆ ಸಾಫ್ಟ್‌ವೇರ್‌ಗೆ ಎರಡು ಜಾಗ ಇಡಬೇಕು. ಒಂದರಲ್ಲಿ ಈಗ ನಡೆಯುತ್ತಿರುವುದು, ಇನ್ನೊಂದರಲ್ಲಿ ಹೊಸದು. ಹೊಸದು ಎದ್ದು, ಸೆನ್ಸರ್ ಓದಿ, ಹೆಡ್ ಆಫೀಸಿಗೆ ಸಂದೇಶ ಮುಟ್ಟಿಸಿದರೆ ಮಾತ್ರ ಅದು ಉಳಿಯುತ್ತದೆ. ಇಲ್ಲದಿದ್ದರೆ ಪೆಟ್ಟಿಗೆ ಯಾರ ಅಪ್ಪಣೆಯನ್ನೂ ಕಾಯದೆ ಹಳೆಯದಕ್ಕೆ ಮರಳುತ್ತದೆ. ಎಲ್ಲ ಕಡೆಗೂ ಒಂದೇ ದಿನ ಕಳಿಸಬಾರದು, ಮೊದಲು ಎರಡು ಮೂರಕ್ಕೆ. ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಹಿಸುಕಿದರೆ ಸಾಕು, ಯಾಕಂದರೆ ಇಡೀ ಪಾತ್ರೆಗೆ ಒಂದೇ ಉರಿ. ನಮ್ಮ ಪೆಟ್ಟಿಗೆಗಳಿಗೆ ಒಂದೇ ಉರಿ ಇಲ್ಲ. ಅದಕ್ಕೆ ಸಿಗ್ನಲ್ ಕೆಟ್ಟಿರುವ ಜಾಗದ್ದೊಂದು, ಹಳೆ ಮಾಡೆಲ್‌ದೊಂದು, ಸೋಲಾರ್ ಮೇಲೆ ನಡೆಯುವುದೊಂದು ಆರಿಸಿಕೊಂಡು ವಾರಗಟ್ಟಲೆ ನೋಡಬೇಕು. ದೊಡ್ಡ ಬದಲಾವಣೆಗಳನ್ನು ಕಾಲುವೆಗೆ ನೀರು ನಿಂತ ಬೇಸಿಗೆಗೆ ಇಟ್ಟುಕೊಳ್ಳಬೇಕು. ಭತ್ತ ತೆನೆ ಕಟ್ಟುವ ಹೊತ್ತಿನಲ್ಲಿ ಕೈ ಹಾಕುವ ಧೈರ್ಯ ಯಾರೂ ಮಾಡಬಾರದು.

ಎಲ್ಲ ಪೆಟ್ಟಿಗೆಗಳೂ ಒಂದೇ ತರಹ ಇರುವುದು ಎಷ್ಟು ಮುಖ್ಯ ಅಂತ ಕೆಲಸಕ್ಕೆ ಇಳಿದವರಿಗೇ ಗೊತ್ತು. ಕೆಟ್ಟಿದೆ ಎಂದು ಹುಡುಗನೊಬ್ಬ ರಾತ್ರಿ ಬೈಕಿನಲ್ಲಿ ಹೋಗಿ, ಅಲ್ಲೇ ಎರಡು ಸಾಲು ಬದಲಿಸಿ, ನಡೆಸಿ ಬರುತ್ತಾನೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಆ ಎರಡು ಸಾಲು ಎಲ್ಲೂ ದಾಖಲಾಗದಿದ್ದರೆ, ಮುಂದೆ ಪೆಟ್ಟಿಗೆ ಬದಲಿಸಿದ ದಿನ ಯಾಕೆ ನಡೆಯುತ್ತಿಲ್ಲ ಎಂದು ಯಾರಿಗೂ ತಿಳಿಯುವುದಿಲ್ಲ. ಅವನು ಮಾಡಿದ್ದನ್ನು ಕೇಂದ್ರದ ಪಟ್ಟಿಗೆ ಸೇರಿಸುವುದು ಸುಲಭವಾಗಿರಬೇಕು, ಬೈಯಿಸಿಕೊಳ್ಳುವ ಭಯ ಇರಬಾರದು. ಇದಕ್ಕೆಲ್ಲ ಕ್ಯೂಬರ್ನೆಟೀಸ್‌ನಂಥ, ಅನೇಕ ಕಂಪ್ಯೂಟರ್‌ಗಳ ಮೇಲೆ ಪ್ರೋಗ್ರಾಂಗಳನ್ನು ಹಂಚಿ ನಡೆಸುವ ದೊಡ್ಡ ವ್ಯವಸ್ಥೆ ಬೇಕೇ ಎಂದು ಕೇಳುತ್ತಾರೆ. ನೂರಾರು ಪ್ರೋಗ್ರಾಂ ನಡೆಸುವ ದೊಡ್ಡ ಕಾರ್ಖಾನೆಗೆ ಬೇಕಾಗಬಹುದು. ಒಂದೆರಡು ಪ್ರೋಗ್ರಾಂ ಇರುವ ಕಾಲುವೆಯ ಪೆಟ್ಟಿಗೆಗೆ ಅದು ಹೊರೆ ಎಂದೇ ನನ್ನ ಅಭಿಪ್ರಾಯ.

ಪಾಸ್‌ವರ್ಡ್ ಮಾತು ಮರೆಯುವಂತಿಲ್ಲ. 2016ರಲ್ಲಿ ಮಿರಾಯ್ ಎಂಬ ಕೆಟ್ಟ ಸಾಫ್ಟ್‌ವೇರ್ ಜಗತ್ತಿನ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳೊಳಗೆ ನುಗ್ಗಿತು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಜನ ಹಾಗೇ ಬಿಟ್ಟಿದ್ದರು, ಅಷ್ಟೇ ಅದಕ್ಕೆ ಸಾಕಾಯಿತು. ಪ್ರತಿ ಪೆಟ್ಟಿಗೆಗೂ ಅದರದ್ದೇ ಡಿಜಿಟಲ್ ಕೀಲಿ, ಅಂದರೆ ಬೇರೆಯದೇ ಗುಪ್ತ ಸಂಕೇತ ಕೊಡಿ. ಕಳುವಾದರೆ ಅದೊಂದೇ ಕೀಲಿ ರದ್ದು ಮಾಡಿದರಾಯಿತು.

ಕೊನೆಗೆ ಮನುಷ್ಯರ ವಿಷಯ. ಪಕ್ಕದ ನಾರಾಯಣಪುರ ಎಡದಂಡೆ ಕಾಲುವೆಯಲ್ಲಿ ಗೇಟುಗಳನ್ನು ದೂರದಿಂದಲೇ ನಡೆಸುವ ಸ್ಕಾಡಾ ವ್ಯವಸ್ಥೆ ಬಂದಿದೆ. ಆ ಆಧುನೀಕರಣ ಯೋಜನೆಯ ಉದ್ಘಾಟನೆ 2023ರ ಜನವರಿಯಲ್ಲಿ ಕೊಡೇಕಲ್‌ನಲ್ಲಿ ಆಯಿತು. ಸಂತೋಷದ ವಿಷಯ. ಆದರೆ ಪೆಟ್ಟಿಗೆ ಬಂತು, ಇನ್ನು ಕಾಲುವೆ ಕಾಯುವ ಗ್ಯಾಂಗ್‌ಮನ್ ಯಾಕೆ ಎಂಬ ಮಾತು ಎಲ್ಲಾದರೂ ಕೇಳಿದರೆ ನನಗೆ ಸಂಕಟವಾಗುತ್ತದೆ. ಸೆನ್ಸರ್ ಮುಂದೆ ಜೊಂಡು ಸಿಕ್ಕಿಕೊಂಡರೆ ನೀರು ಏರಿದೆ ಎಂದೇ ಅದು ಹೇಳುತ್ತದೆ. ಗೋಡೆಯ ಮೇಲೆ ಬರೆದ ಅಡಿಪಟ್ಟಿ ನೋಡಿ, ಇಲ್ಲ, ನೀರು ಅಷ್ಟಿಲ್ಲ ಎಂದು ಹೇಳಬಲ್ಲವರು ಅವರೇ. ಆ ಅಡಿಪಟ್ಟಿಗೆ ವರ್ಷಕ್ಕೊಮ್ಮೆ ಬಣ್ಣ ಬಳಿಯಬೇಕು, ವಾರಕ್ಕೊಮ್ಮೆ ಎರಡೂ ಅಂಕಿ ತಾಳೆ ನೋಡಬೇಕು.

ಪೆಟ್ಟಿಗೆಯ ಮೇಲೆ ಕನ್ನಡದಲ್ಲೇ ಬರೆದಿರಲಿ. ಯಾವ ದೀಪ ಯಾವುದಕ್ಕೆ, ಯಾರಿಗೆ ಫೋನ್ ಮಾಡಬೇಕು. "ಕಾಕಾ, ಬಾಗಿಲ ತೆಗೆದು ನೋಡ್ರಿ, ಯಾವ ಲೈಟ್ ಹತ್ತೈತಿ?" ಎಂದರೆ "ಕೆಂಪು ಹತ್ತೈತ್ರಿ, ಹಸರು ಇಲ್ರಿ" ಎಂಬ ಉತ್ತರದಿಂದ ನೂರು ಕಿಲೋಮೀಟರ್ ಓಡಾಟ ಉಳಿಯುತ್ತದೆ. ಆ ಕಾಕಾನಿಗೆ ಈ ಕೆಲಸಕ್ಕೆ ತಿಂಗಳಿಗೆ ಇಷ್ಟು ಎಂದು ಹಣ ಕೊಡಬೇಕು. ಅದು ಅವರ ಉಪಕಾರ ಎಂದು ನಾವು ಸುಮ್ಮನಿರಬಾರದು. ಬಿಡಿ ಪೆಟ್ಟಿಗೆಗಳು ಬೆಂಗಳೂರಿನ ಗೋಡೌನ್‌ನಲ್ಲಿ ಬೇಡ. ಸಿಂಧನೂರಿನಲ್ಲಿ ಎರಡು, ಗಂಗಾವತಿಯಲ್ಲಿ ಎರಡು ಇರಲಿ, ಚಾರ್ಜ್ ಆದ ಬ್ಯಾಟರಿ ಸಮೇತ. ಕೆಟ್ಟದ್ದನ್ನು ಕಳಚಿ ಹೊಸದನ್ನು ಕೂರಿಸಿ ಸ್ವಿಚ್ ಹಾಕಿದರೆ, ತಾನು ಯಾವ ಮೈಲ್‌ನದ್ದು ಎಂದು ಅದು ಹೆಡ್ ಆಫೀಸನ್ನು ಕೇಳಿ ತಿಳಿದುಕೊಂಡು ಕೆಲಸ ಶುರುಮಾಡಬೇಕು. ಆ ಕೆಲಸ ಊರಿನ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗುವ ಹಾಗಿರಬೇಕು. ನಮಸ್ಕಾರ.