ದುರ್ಗ ನೋಡುವವರು ನೀರು ನೋಡಿ

ಕೇಳುಗರಿಗೆ ನಮಸ್ಕಾರ.

ಚಿತ್ರದುರ್ಗದವರನ್ನು ಕೋಟೆ ನೋಡಿದ್ದೀರಾ ಎಂದು ಕೇಳಿದರೆ ನಕ್ಕುಬಿಡುತ್ತಾರೆ. ಏಳು ಸುತ್ತು, ಏಕನಾಥೇಶ್ವರಿ, ಉಯ್ಯಾಲೆ ಕಂಬ, ಓಬವ್ವನ ಕಿಂಡಿ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಸರಿ, ಮೇಲೆ ನೀರು ನೋಡಿದಿರಾ ಎಂದರೆ ಮಾತಿಲ್ಲ. ನಾನು ಇಂದು ಹೇಳಲು ಬಂದಿರುವುದು ಅದೊಂದನ್ನೇ. ಕೋಟೆಗೆ ಹೋದರೆ ನೀರು ನೋಡಿ.

ರಾಜಧಾನಿ ಕಟ್ಟುವವರು ಹೊಳೆಯ ದಂಡೆ ಹುಡುಕುವುದು ವಾಡಿಕೆ. ಬನವಾಸಿಗೆ ವರದೆ ಇದ್ದಳು, ಹಂಪಿಗೆ ತುಂಗಭದ್ರೆ, ಶ್ರೀರಂಗಪಟ್ಟಣಕ್ಕೆ ಕಾವೇರಿ. ದುರ್ಗಕ್ಕೆ ಏನಿತ್ತು? ಬಂಡೆ. ಮಳೆ ಅಪರೂಪದ ಬಯಲುಸೀಮೆಯಲ್ಲಿ, ಹೊಳೆಯಿಲ್ಲದ ಬೆಟ್ಟದ ಮೇಲೆ, ಮತ್ತಿ ತಿಮ್ಮಣ್ಣ ನಾಯಕನಿಂದ ಕೊನೆಯ ಮದಕರಿಯವರೆಗೆ ಇನ್ನೂರು ವರ್ಷ ಒಂದು ಮನೆತನ ಆಳಿತು. ಕಲ್ಲಿನ ಗೋಡೆ ಶತ್ರುವನ್ನು ತಡೆಯಬಹುದು, ಬಾಯಾರಿಕೆಯನ್ನು ತಡೆಯುತ್ತದೆಯೇ? ಮುತ್ತಿಗೆ ತಿಂಗಳುಗಟ್ಟಲೆ ನಡೆದಾಗ ಮೇಲಿದ್ದ ಜನ, ಕುದುರೆ, ಆನೆ ಏನು ಕುಡಿದವು?

ಮಳೆ ಕುಡಿದವು. ಬೋಳು ಬಂಡೆಯ ಮೇಲೆ ಬಿದ್ದ ಹನಿ ಇಂಗುವುದಿಲ್ಲ, ಜಾರುತ್ತದೆ. ಜಾರುವ ನೀರನ್ನು ತಗ್ಗಿನಲ್ಲಿ ಹಿಡಿದರು. ಮೊದಲು ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಹರಿದದ್ದು ಅಕ್ಕ ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆ ಹೊಂಡಕ್ಕೆ. ಮೇಲಿನವರು ಬಳಸಿ ಉಳಿದದ್ದು ಕೆಳಗಿನವರಿಗೆ. ಪಂಪು ಇಲ್ಲ, ಕರೆಂಟು ಇಲ್ಲ. ಇಂದು ನಮ್ಮ ನಲ್ಲಿಗೆ ವಾಣಿವಿಲಾಸ ಸಾಗರದಿಂದ, ಶಾಂತಿಸಾಗರದಿಂದ ನೀರು ತರಿಸಿಕೊಳ್ಳುತ್ತೇವೆ. ಒಂದು ದಿನ ತಡವಾದರೆ ಬೀದಿಯಲ್ಲಿ ಬಿಂದಿಗೆ ಸಾಲು!

ಇನ್ನು ಓಬವ್ವ. ನಿಮಗೆ ಗೊತ್ತಿರುವ ಕತೆಯೇ, ಆದರೂ ನಾನು ಹೇಳುವ ಹಾಗೆ ಒಮ್ಮೆ ಕೇಳಿ. ಹೈದರಾಲಿಯ ದಂಡು ಕೋಟೆಯ ಸುತ್ತ ಬೀಡುಬಿಟ್ಟಿದೆ. ಬುರುಜು ಕಾಯುವ ಕಹಳೆ ಮುದ್ದ ಹನುಮ ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಾನೆ. ಎಲೆಗೆ ಬಡಿಸಿಯಾಗಿದೆ, ಗಡಿಗೆಯಲ್ಲಿ ಕುಡಿಯುವ ನೀರಿಲ್ಲ. ಊಟದ ನಡುವೆ ಗಂಡನನ್ನು ಎಬ್ಬಿಸುವುದುಂಟೇ? ಕೊಡ ಎತ್ತಿಕೊಂಡು ಓಬವ್ವನೇ ಹೊರಟಳು. ಅಲ್ಲೇ ಬಂಡೆಗಳ ಸಂದಿಯಲ್ಲಿ ತಣ್ಣೀರು ದೋಣಿ ಎಂಬ ಪುಟ್ಟ ನೀರಿನ ತಾಣ ಇದೆ, ಬಿರುಬೇಸಿಗೆಯಲ್ಲೂ ಕೈಯಿಟ್ಟರೆ ಜುಮ್ಮೆನ್ನುವ ನೀರು. ಅಲ್ಲಿ ನಿಂತಾಗಲೇ ಅವಳಿಗೆ ಕಿಂಡಿಯ ಕಡೆಯಿಂದ ಪಿಸುಮಾತು ಕೇಳಿದ್ದು. ಆ ಕಿಂಡಿ ನೋಡಿದವರಿಗೆ ಗೊತ್ತು, ಒಬ್ಬನಿಗಿಂತ ಹೆಚ್ಚು ಜನ ಒಟ್ಟಿಗೆ ನುಸುಳಲಾಗದು, ಅವನೂ ತಲೆಯನ್ನೇ ಮೊದಲು ಒಳಗಿಡಬೇಕು. ಮನೆಗೆ ಓಡಿದಳು, ಕೈಗೆ ಸಿಕ್ಕ ಒನಕೆ ತಂದಳು. ಒಂದು ತಲೆ ಬಂತು, ಬಿತ್ತು ಪೆಟ್ಟು. ಹೆಣವನ್ನು ಪಕ್ಕಕ್ಕೆ ಎಳೆದಳು, ಮುಂದಿನವನಿಗೆ ಅನುಮಾನ ಬರಬಾರದಲ್ಲ. ಮತ್ತೊಂದು ತಲೆ, ಮತ್ತೊಂದು ಪೆಟ್ಟು. ಗಂಡ ಉಂಡು ಕೈತೊಳೆಯಲು ನೀರು ಕಾಣದೆ ಹುಡುಕಿಕೊಂಡು ಬಂದು ನೋಡಿದರೆ, ಹೆಣಗಳ ರಾಶಿಯ ನಡುವೆ ರಣಚಂಡಿಯಂತೆ ನಿಂತ ಹೆಂಡತಿ! ಅವನು ಕಹಳೆ ಊದಿದ, ಕೋಟೆ ಎಚ್ಚೆತ್ತಿತು. ಓಬವ್ವ ಉಳಿಯಲಿಲ್ಲ.

ಒನಕೆ ಎಲ್ಲರ ನೆನಪಿನಲ್ಲಿದೆ, ಕೊಡ ಯಾರಿಗೂ ನೆನಪಿಲ್ಲ. ನೀರಿಗೆ ಹೋಗದಿದ್ದರೆ ಆ ಪಿಸುಮಾತು ಕೇಳುತ್ತಿತ್ತೇ? ಕಿಂಡಿಯ ಮುಂದೆ ಮೊಬೈಲ್ ಹಿಡಿದು ಫೋಟೊ ತೆಗೆಸಿಕೊಳ್ಳುವ ಮಕ್ಕಳೇ, ನಾಲ್ಕು ಹೆಜ್ಜೆ ನಡೆದು ದೋಣಿಯನ್ನೂ ನೋಡಿ. ಖಾಲಿ ಬಾಟಲಿಯನ್ನು ಮಾತ್ರ ದಯವಿಟ್ಟು ಅದರೊಳಗೆ ಎಸೆಯಬೇಡಿ. ನೀರು ನೋಡಿ ಎಂದರೆ ನೀರಿನ ಮೇಲೆ ತೇಲುವ ಪ್ಲಾಸ್ಟಿಕ್ ನೋಡಿ ಎಂದಲ್ಲ.

1779ರಲ್ಲಿ ಕೋಟೆ ಹೈದರನ ವಶವಾಯಿತು. ಆ ಸುದ್ದಿ ಕೇಳಿ ರಾಣಿಯರಿಬ್ಬರು ಅಕ್ಕ ತಂಗಿಯರ ಹೊಂಡಕ್ಕೆ ಹಾರಿದರೆಂದು ದುರ್ಗದ ಜನ ಹೇಳುತ್ತಾರೆ. ಅದನ್ನು ಹೇಳಲು ಇನ್ನೊಂದು ದಿನ ಬೇಕು.

ಗಾಜಿನಾಚೆ ಕುಳಿತವರು ಗಡಿಯಾರ ತೋರಿಸುತ್ತಿದ್ದಾರೆ. ದೊಡ್ಡಪೇಟೆ, ಚಿಕ್ಕಪೇಟೆಯ ಹಳೆಯ ಬೀದಿಗಳ ಬಗ್ಗೆ ಹೇಳಬೇಕಿತ್ತು, ಆಗಲಿಲ್ಲ. ಕೋಟೆಯ ಹತ್ತಿರದ ಚಂದ್ರವಳ್ಳಿಯನ್ನು ಮಾತ್ರ ಬಿಡಲಾರೆ. ನಾಯಕರಿಗಿಂತ ಸಾವಿರ ವರ್ಷ ಹಿಂದಿನ ಮಾತು. ಅಲ್ಲಿ ಭೈರವೇಶ್ವರ ಗುಡಿಯ ಬಳಿ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನವಿದೆ, ಪ್ರಾಕೃತದಲ್ಲಿ ಮೂರೇ ಸಾಲು. ಪಲ್ಲವರು, ಆಭೀರರು, ಪುನ್ನಾಟರು ಎಂದು ಗೆದ್ದವರ ಪಟ್ಟಿ ಇದೆ. ಆದರೆ ಶಾಸನ ಬರೆಸಿದ್ದು ಯಾವುದಕ್ಕೆ? ಒಂದು ಕೆರೆಗೆ! ನೋಡಿದಿರಾ, ಅಲ್ಲಿಯೂ ನೀರೇ.

ಭಾನುವಾರ ಬೆಳಗ್ಗೆ ಬಿಸಿಲೇರುವ ಮೊದಲು ಹೊರಡಿ. ಅಲ್ಲಿನ ಅಂಕಲಿ ಮಠದ ಗುಹೆಗೆ ಇಳಿಯುವವರು ಟಾರ್ಚ್ ಒಯ್ಯಿರಿ, ಒಳಗೆ ಕಗ್ಗತ್ತಲು. ನಮಸ್ಕಾರ.