ಹೊಲ ಇದ್ದಲ್ಲೇ ಇರುತ್ತದೆ, ಪಹಣಿ ಬದಲಾಗುತ್ತದೆ

ಕೇಳುಗರಿಗೆ ನಮಸ್ಕಾರ.

ನಿಮ್ಮ ಕಂಪ್ಯೂಟರಿನಲ್ಲಿ ಎರಡು ಗಂಟೆಯ ಮದುವೆ ವಿಡಿಯೊ ಇದೆ ಅಂದುಕೊಳ್ಳಿ. ಡೆಸ್ಕ್‌ಟಾಪಿನಿಂದ ಪಕ್ಕದ ಫೋಲ್ಡರಿಗೆ ಕಟ್ ಮಾಡಿ ಪೇಸ್ಟ್ ಮಾಡಿದರೆ ರೆಪ್ಪೆ ಮಿಟುಕಿಸುವಷ್ಟರಲ್ಲಿ ಹೋಗಿಬಿಡುತ್ತದೆ. ಅದನ್ನೇ ಪೆನ್‌ಡ್ರೈವಿಗೆ ಹಾಕಿ ನೋಡಿ, ಹಸಿರು ಪಟ್ಟಿ ತೆವಳುತ್ತಾ ತೆವಳುತ್ತಾ, ನೀವು ಚಹಾ ಕುಡಿದು ಲೋಟ ತೊಳೆದಿಟ್ಟರೂ ಮುಗಿದಿರುವುದಿಲ್ಲ. ಫೈಲು ಅದೇ. ಹಾಗಾದರೆ ಇಷ್ಟು ವ್ಯತ್ಯಾಸ ಯಾಕೆ?

ಹೊಲ ಮಾರಿದವರು ಮಣ್ಣು ಹೊತ್ತು ತಂದು ಕೊಂಡವರ ಮನೆ ಮುಂದೆ ಸುರಿಯುತ್ತಾರಾ? ಇಲ್ಲ. ಹೊಲ ಇದ್ದಲ್ಲೇ ಇರುತ್ತದೆ. ಪಹಣಿಯಲ್ಲಿ, ನಮ್ಮ ಧಾರವಾಡದ ಕಡೆ ಉತಾರ ಅಂತೀವಲ್ಲ ಅದರಲ್ಲಿ, ಹೆಸರು ಬದಲಾಗುತ್ತದೆ, ಅಷ್ಟೇ. ಡಿಸ್ಕಿನಲ್ಲೂ ಹೀಗೇ. ಫೈಲಿನ ಒಳಗಿರುವುದು ಹೊಲ. ಅದರ ಹೆಸರು, ಅಳತೆ, ಅದು ಡಿಸ್ಕಿನ ಯಾವ ಯಾವ ಜಾಗದಲ್ಲಿದೆ ಅನ್ನುವ ಲೆಕ್ಕ ಪಹಣಿ. ಒಂದೇ ಡ್ರೈವಿನೊಳಗೆ ಫೈಲು ಸರಿಸಿದರೆ ಪಹಣಿಯ ಸಾಲು ಮಾತ್ರ ಬದಲಾಗುತ್ತದೆ. ಬೇರೆ ಡ್ರೈವಿಗೆ ಹಾಕಿದರೆ ನಿಜವಾಗಿಯೂ ಬುಟ್ಟಿ ಬುಟ್ಟಿ ಮಣ್ಣು ಹೊರಬೇಕು. ಸಿ ಡ್ರೈವಿನಿಂದ ಡಿ ಡ್ರೈವಿಗೆ ಸರಿಸಿದಾಗಲೂ ತಡವಾಗುವುದು ಇದಕ್ಕೇ. ಎರಡೂ ಒಂದೇ ಡಬ್ಬಿಯೊಳಗಿನ ಡಿಸ್ಕಿನಲ್ಲಿರಬಹುದು, ಆದರೆ ಪಹಣಿ ಪುಸ್ತಕ ಬೇರೆ ಬೇರೆ.

ಈ ಪುಸ್ತಕದ ಅಗತ್ಯ ಬಂದದ್ದು ಡಿಸ್ಕು ಬಂದ ಮೇಲೆ. ಅದಕ್ಕೂ ಮೊದಲು ಲೆಕ್ಕಗಳೆಲ್ಲ ತೂತು ಹೊಡೆದ ಕಾರ್ಡುಗಳಲ್ಲಿ, ಇಲ್ಲವೇ ಟೇಪಿನಲ್ಲಿ ಇರುತ್ತಿದ್ದವು. ಟೇಪಿನ ಕೊನೆಯಲ್ಲಿರುವುದು ಬೇಕೆಂದರೆ ಕೊನೆಯವರೆಗೂ ಸುತ್ತಬೇಕು. 1956ರಲ್ಲಿ ಐಬಿಎಂ ಕಂಪನಿ ರಾಮಾಕ್ ಅನ್ನುವ ಯಂತ್ರ ತಂದಿತು. ಅದರಲ್ಲಿ 24 ಇಂಚು ಅಗಲದ 50 ತಟ್ಟೆಗಳು ಒಂದರ ಮೇಲೊಂದು ತಿರುಗುತ್ತಿದ್ದವು. ಅಷ್ಟೆಲ್ಲ ಸೇರಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಇವತ್ತು ಫೋನಿನಲ್ಲಿ ತೆಗೆದ ಒಂದೆರಡು ಫೋಟೊಗೇ ಅಷ್ಟು ಜಾಗ ಬೇಕು. ಆದರೆ ಓದುವ ತೋಳು ಯಾವ ತಟ್ಟೆಗೆ ಬೇಕಾದರೂ, ಯಾವ ಜಾಗಕ್ಕೆ ಬೇಕಾದರೂ ನೇರವಾಗಿ ಹೋಗುತ್ತಿತ್ತು. ನೇರವಾಗಿ ಹೋಗಬಹುದು ಅಂದಮೇಲೆ ಎಲ್ಲಿಗೆ ಹೋಗಬೇಕು ಅಂತ ಯಾರಾದರೂ ಹೇಳಬೇಕಲ್ಲ!

ಹಾಗೆ ಹೇಳುವ ಪುಸ್ತಕಗಳಲ್ಲಿ ನಮ್ಮ ಕೈಗೆ ಜಾಸ್ತಿ ಸಿಕ್ಕದ್ದು ಫ್ಯಾಟ್, ಅಂದರೆ ಫೈಲ್ ಅಲೊಕೇಶನ್ ಟೇಬಲ್. 1977ರಲ್ಲಿ ಮೈಕ್ರೋಸಾಫ್ಟಿನ ಮಾರ್ಕ್ ಮೆಕ್‌ಡೊನಾಲ್ಡ್ ಬರೆದದ್ದು. ಇದರ ಲೆಕ್ಕ ಬಹಳ ಸರಳ. ಫೈಲನ್ನು ತುಂಡು ಮಾಡಿ ಖಾಲಿ ಇರುವ ಮನೆಗಳಲ್ಲಿ ಇಡುತ್ತದೆ. ಒಂದನೇ ತುಂಡು ಈ ಮನೆಯಲ್ಲಿ, ಅದರ ಮುಂದಿನದು ಆ ಮನೆಯಲ್ಲಿ, ಅದರ ಮುಂದಿನದು ಇನ್ನೊಂದರಲ್ಲಿ, ಹೀಗೆ ಒಂದರ ಬಾಲ ಇನ್ನೊಂದು ಹಿಡಿದುಕೊಂಡು ಹೋಗುವ ಪಟ್ಟಿ. ಫ್ಲಾಪಿಯಿಂದ ಹಿಡಿದು ಇವತ್ತಿನ ಪೆನ್‌ಡ್ರೈವಿನವರೆಗೆ ಇದೇ ಸಂತತಿ ಬಂದಿದೆ.

ಈ ಫ್ಯಾಟ್ ಫೈಲನ್ನು ಹೇಗೆ ಅಳಿಸುತ್ತದೆ ಅನ್ನುವುದನ್ನು ನಾನು ಒಂದು ರಾತ್ರಿ ಕಣ್ಣಾರೆ ನೋಡಿದೆ. ಆಗ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡುತ್ತಿದ್ದೆ. ಒಂದು ಸಂಘದ ಸ್ಮರಣ ಸಂಚಿಕೆ, ಮೂರು ವಾರದ ಕೆಲಸ, ಬೆಳಿಗ್ಗೆ ಫ್ಲಾಪಿ ಪ್ರೆಸ್ಸಿಗೆ ಹೋಗಬೇಕು. ಜಾಗ ಸಾಲದೆ ಹಳೆಯ ಫೈಲು ಅಳಿಸಲು ಹೋಗಿ ಅದನ್ನೇ ಅಳಿಸಿಬಿಟ್ಟೆ. ಕೈಕಾಲು ತಣ್ಣಗಾದವು. ಅಂಗಡಿಯ ಹಿರಿಯರು ಬಂದು ಹೇಳಿದ್ದು ಒಂದೇ ಮಾತು: "ಏನೂ ಮುಟ್ಟಬೇಡ. ಹೊಸದೇನೂ ಸೇವ್ ಮಾಡಬೇಡ." ಆಮೇಲೆ ಡಾಸ್‌ನ, ಅಂದರೆ ಆಗಿನ ಕಂಪ್ಯೂಟರ್ ನಡೆಸುತ್ತಿದ್ದ ತಂತ್ರಾಂಶದ, ಅನ್‌ಡಿಲೀಟ್ ಆಜ್ಞೆ ಕೊಟ್ಟರು. ಫೈಲಿನ ಹೆಸರು ಎಂಟೇ ಅಕ್ಷರದೊಳಗೆ ಮುಗಿಯಬೇಕಿದ್ದ ಕಾಲ ಅದು, ಇಂಗ್ಲಿಷ್ ಲಿಪಿಯಲ್ಲಿ ಸಂಚಿಕೆ ಅಂತ ಬರೆದರೆ ಸರಿಯಾಗಿ ಎಂಟು. ಪರದೆಯ ಮೇಲೆ ಏಳು ಅಕ್ಷರ ಹಾಗೇ ಇದ್ದವು, ಮೊದಲನೆಯದರ ಜಾಗದಲ್ಲಿ ಮಾತ್ರ ಒಂದು ಪ್ರಶ್ನೆ ಚಿಹ್ನೆ. ಕೆಳಗೆ ಕೇಳುತ್ತಿತ್ತು, ಮೊದಲ ಅಕ್ಷರ ಯಾವುದು? ಎಸ್ ಒತ್ತಿದರು. ಮೂರು ವಾರದ ಕೆಲಸ ವಾಪಸ್ ಬಂತು.

ಫ್ಯಾಟ್ ಅಳಿಸುವುದು ಅಂದರೆ ಇಷ್ಟೇ: ಹೆಸರಿನ ಮೊದಲ ಅಕ್ಷರದ ಮೇಲೆ ಒಂದು ಗುರುತು ಹಾಕುತ್ತದೆ, ಆ ಮನೆಗಳೆಲ್ಲ ಖಾಲಿ ಅಂತ ಪಟ್ಟಿಯಲ್ಲಿ ಬರೆಯುತ್ತದೆ. ಹೊಲದಲ್ಲಿ ಬೆಳೆ ಹಾಗೇ ನಿಂತಿರುತ್ತದೆ, ಬೇರೆಯವರು ಬಂದು ಉತ್ತು ಬಿತ್ತುವವರೆಗೆ. ಅದಕ್ಕೇ ಆ ಹಿರಿಯರು ಮುಟ್ಟಬೇಡ ಅಂದದ್ದು. ಹಾಗಂತ ಪ್ರತಿ ಸಲವೂ ಸಿಗುತ್ತದೆ ಅಂತಲ್ಲ. ತುಂಡುಗಳ ಸರಪಳಿಯೇ ಅಳಿಸಿಹೋಗಿರುವುದರಿಂದ, ಫೈಲು ಅಕ್ಕಪಕ್ಕದ ಮನೆಗಳಲ್ಲೇ ಇದ್ದರೆ ಸುಲಭ, ಚೆದುರಿದ್ದರೆ ಕಷ್ಟ. ಇನ್ನು ಈಗಿನ ಎಸ್‌ಎಸ್‌ಡಿಗಳು, ಅಂದರೆ ತಿರುಗುವ ತಟ್ಟೆ ಇಲ್ಲದ ಡಿಸ್ಕುಗಳು, ಖಾಲಿಯಾದ ಮನೆಗಳನ್ನು ತಾವೇ ಗುಡಿಸಿ ಇಡುತ್ತವೆ, ಅಲ್ಲಿ ಈ ಆಸೆ ಇಟ್ಟುಕೊಳ್ಳಲೇಬೇಡಿ.

ಕರೆಂಟು ಹೋಗುವುದು ಇನ್ನೊಂದು ಸಂಕಟ. ಪಹಣಿ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಒಂದು ಕಡೆ ಹೆಸರು ಹೊಡೆದುಹಾಕಿರುತ್ತದೆ, ಇನ್ನೊಂದು ಕಡೆ ಸೇರಿಸಿರುವುದಿಲ್ಲ. ವಿಂಡೋಸ್ 98 ಬಳಸಿದವರಿಗೆ ನೆನಪಿರಬಹುದು, ಮತ್ತೆ ಆನ್ ಮಾಡಿದಾಗ ಸ್ಕ್ಯಾನ್‌ಡಿಸ್ಕ್ ಇಡೀ ಪುಸ್ತಕ ತಿರುವಿ ಹಾಕುತ್ತಾ ಕೂರುತ್ತಿತ್ತು. ಇದಕ್ಕೆ ಸಿಕ್ಕ ಪರಿಹಾರ ನಮ್ಮ ಕಿರಾಣಿ ಅಂಗಡಿಯವರಿಗೆ ಹೊಸದೇನಲ್ಲ, ಕಿರ್ದಿ ಪುಸ್ತಕ. ಏನು ಮಾಡಲಿದ್ದೇನೆ ಅಂತ ಮೊದಲು ಕಿರ್ದಿಯಲ್ಲಿ ಬರೆದುಕೊಳ್ಳುವುದು, ಆಮೇಲೆ ಖಾತೆಗೆ ಹಚ್ಚುವುದು. ನಡುವೆ ಕರೆಂಟು ಹೋದರೆ ಕಿರ್ದಿ ನೋಡಿ ಅರ್ಧವಾದದ್ದನ್ನು ಪೂರ್ತಿ ಮಾಡುವುದು, ಇಲ್ಲವೇ ಬಿಟ್ಟುಬಿಡುವುದು. 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಬಂದ ಎನ್‌ಟಿಎಫ್‌ಎಸ್, 2001ರಲ್ಲಿ ಲಿನಕ್ಸ್‌ಗೆ ಸೇರಿದ ಇಎಕ್ಸ್‌ಟಿ3, ಎರಡೂ ಹೀಗೆ ಕಿರ್ದಿ ಇಡುವ ಪಹಣಿ ಪುಸ್ತಕಗಳು. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರಿನಲ್ಲಿ ಕೂತು ಕೆಲಸ ಮಾಡಿದವನಾಗಿ ಹೇಳುತ್ತೇನೆ, ಇದು ದೊಡ್ಡ ಉಪಕಾರ. ಪುಸ್ತಕ ಉಳಿಯುತ್ತದೆ. ನೀವು ಸೇವ್ ಮಾಡದ ಸಾಲು ಮಾತ್ರ ಉಳಿಯುವುದಿಲ್ಲ, ಅದು ಬೇರೆ ಮಾತು.

ಪೆನ್‌ಡ್ರೈವಿನ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಪಟ್ಟಿ ಪೂರ್ತಿಯಾಯಿತು ಅಂತ ಸುಮ್ನೆ ಕಿತ್ತುಕೊಳ್ಳಬೇಡಿ, ಕೊನೆಯ ಕೆಲವು ಬುಟ್ಟಿ ಇನ್ನೂ ಕಂಪ್ಯೂಟರಿನ ಮೆಮೊರಿಯಲ್ಲೇ ಉಳಿದಿರಬಹುದು, ಇಜೆಕ್ಟ್ ಕೊಟ್ಟರೆ ಅವೂ ಇಳಿಯುತ್ತವೆ. ಇನ್ನು 32 ಜಿಬಿ ಖಾಲಿ ಇದ್ದರೂ 5 ಜಿಬಿಯ ವಿಡಿಯೊ ಹಿಡಿಯುವುದಿಲ್ಲ ಅಂದರೆ ಪೆನ್‌ಡ್ರೈವ್ ಕೆಟ್ಟಿಲ್ಲ. ಅದರಲ್ಲಿರುವುದು ಫ್ಯಾಟ್ ಸಂತತಿಯ ಫ್ಯಾಟ್32 ಇರಬೇಕು. ಅದರ ಪಹಣಿಯಲ್ಲಿ ಫೈಲಿನ ಅಳತೆ ಬರೆಯುವ ಕಾಲಂ ಚಿಕ್ಕದು, 4 ಜಿಬಿಗಿಂತ ದೊಡ್ಡ ಸಂಖ್ಯೆ ಅದರಲ್ಲಿ ಹಿಡಿಯುವುದಿಲ್ಲ. ಒಳಗಿರುವುದನ್ನು ಬೇರೆ ಕಡೆ ತೆಗೆದಿಟ್ಟುಕೊಂಡು, ಈ ಮಿತಿ ಇಲ್ಲದ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ವಿಷಯ. ಮಣ್ಣು ಹೊರಲೇಬೇಕು, ಅದೂ ದೂರದ ಊರಿಗೆ, ದಾರಿಯೂ ಕಿರಿದು. ಏನು ಮಾಡುವುದು?

1996ರ ಜೂನ್‌ನಲ್ಲಿ ಆಸ್ಟ್ರೇಲಿಯಾದ ಕ್ಯಾನ್ಬೆರಾದಲ್ಲಿ ಆ್ಯಂಡ್ರೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕೆರಸ್ ಆರ್‌ಸಿಂಕ್ ಅನ್ನುವ ತಂತ್ರಾಂಶ ಹೊರತಂದರು. ಇಬ್ಬರೂ ಅಲ್ಲಿನ ನ್ಯಾಷನಲ್ ಯೂನಿವರ್ಸಿಟಿಯವರು. ಅವರು ಎತ್ತಿಕೊಂಡ ಪ್ರಶ್ನೆ ಇದು. ನನ್ನ ಹತ್ತಿರ ಹೊಸ ಫೈಲು ಇದೆ, ನಿಮ್ಮ ಹತ್ತಿರ ಅದರದ್ದೇ ಹಳೆಯದು ಇದೆ. ಬದಲಾದದ್ದು ಸ್ವಲ್ಪವೇ, ಅದನ್ನಷ್ಟೇ ಕಳಿಸಿದರೆ ಸಾಕು. ಆದರೆ ಏನು ಬದಲಾಗಿದೆ ಅಂತ ತಿಳಿಯಲು ಎರಡನ್ನೂ ಅಕ್ಕಪಕ್ಕ ಇಡಬೇಕು, ಅಕ್ಕಪಕ್ಕ ಇಡಲು ಪೂರ್ತಿ ಫೈಲೇ ಕಳಿಸಬೇಕು!

ಅವರು ಮಾಡಿದ್ದು ನೋಡಿ. ಹಳೆಯ ಫೈಲು ಇರುವ ಕಂಪ್ಯೂಟರು ಅದನ್ನು ಸಮ ತುಂಡುಗಳಾಗಿ ಕತ್ತರಿಸಿ, ಒಂದೊಂದರ ತೂಕ, ಜೊತೆಗೆ ಒಂದು ಗಟ್ಟಿ ಗುರುತು, ಇಷ್ಟನ್ನು ಮಾತ್ರ ಬರೆದು ಕಳಿಸುತ್ತದೆ. ಹೊಸ ಫೈಲು ಇರುವ ಕಡೆ ಆ ತೂಕದ ತುಂಡು ಎಲ್ಲಾದರೂ ಇದೆಯಾ ಅಂತ ಹುಡುಕಬೇಕು. ಎಲ್ಲಾದರೂ ಅಂದರೆ ಎಲ್ಲಾದರೂ, ಯಾಕೆಂದರೆ ಶುರುವಿನಲ್ಲಿ ಒಂದು ಪದ ಸೇರಿಸಿದರೂ ಮುಂದಿನದೆಲ್ಲ ಒಂದು ಪದದಷ್ಟು ಸರಿದಿರುತ್ತದೆ. ಸಾಲಾಗಿ ನಿಂತ ಶಾಲೆಯ ಮಕ್ಕಳನ್ನು ಹತ್ತು ಹತ್ತು ಜನರಂತೆ ತೂಗಬೇಕು ಅಂದುಕೊಳ್ಳಿ. ಮೊದಲ ಹತ್ತು ಮಕ್ಕಳನ್ನು ತೂಗಿದಿರಿ. ಒಂದು ಹೆಜ್ಜೆ ಮುಂದೆ ಸರಿದರೆ ಮತ್ತೆ ಹತ್ತೂ ಜನರನ್ನು ತಕ್ಕಡಿಗೆ ಹತ್ತಿಸಬೇಕಾ? ಬೇಡ. ಹಿಂದೆ ಉಳಿದವನದು ಕಳೆಯಿರಿ, ಹೊಸದಾಗಿ ಸೇರಿದವನದು ಕೂಡಿಸಿ. ಹೀಗೆ ಒಂದೊಂದೇ ಹೆಜ್ಜೆ ಇಡೀ ಫೈಲಿನುದ್ದಕ್ಕೂ ಸರಸರ ಸರಿಯುತ್ತಾ ಹೋಗುತ್ತದೆ. ತೂಕ ಒಂದಾದ ಮಾತ್ರಕ್ಕೆ ಮಕ್ಕಳೂ ಅವರೇ ಅಂತ ಹೇಳಲಾಗುವುದಿಲ್ಲ, ಅಲ್ವಾ? ಅದಕ್ಕೆ ತೂಕ ಸರಿಬಂದ ಕಡೆ ಮಾತ್ರ ಆ ಗಟ್ಟಿ ಗುರುತನ್ನೂ ಹೋಲಿಸಿ ನೋಡುತ್ತದೆ. ಅದೂ ಕೂಡಿಬಂದರೆ "ಈ ತುಂಡು ನಿನ್ನ ಹತ್ತಿರವೇ ಇದೆ, ತೆಗೆದುಕೋ" ಅನ್ನುತ್ತದೆ. ಇಲ್ಲದ್ದನ್ನು ಮಾತ್ರ ಕಳಿಸುತ್ತದೆ.

ನಮ್ಮ ಅವ್ವ ಬೀಸುವ ಪದ, ಸೋಬಾನ ಪದ ಹಾಡುತ್ತಿದ್ದಳು. ಕ್ಯಾಸೆಟ್‌ಗಳಲ್ಲಿದ್ದದ್ದನ್ನೆಲ್ಲ ನಾನು ವೇವ್ ಫೈಲು, ಅಂದರೆ ಸದ್ದನ್ನು ಕುಗ್ಗಿಸದೆ ಹಾಗೇ ಇಡುವ ಫೈಲು, ಮಾಡಿ, ಅಮೆರಿಕದಲ್ಲಿರುವ ಅಕ್ಕನಿಗೆ ಒಂದು ಹಾರ್ಡ್‌ಡಿಸ್ಕಿನಲ್ಲಿ ಕೊಟ್ಟು ಕಳಿಸಿದ್ದೆ. ಆಮೇಲೆ ಇಲ್ಲಿ ಕೂತು ಪ್ರತಿ ಹಾಡಿನ ಶುರುವಿನ ಗೊರಗೊರ ಸದ್ದು ಕತ್ತರಿಸಿದೆ. ಅಕ್ಕನ ಮಗ ಆ ಕಡೆ ವ್ಯವಸ್ಥೆ ಮಾಡಿಕೊಟ್ಟ, ನಾನು ಈ ಕಡೆಯಿಂದ ಆರ್‌ಸಿಂಕ್ ಕೊಟ್ಟೆ. ಪ್ರತಿ ಹಾಡೂ ಮೂವತ್ತು ನಲವತ್ತು ಸೆಕೆಂಡು ಹಿಂದೆ ಸರಿದಿತ್ತು, ಆದರೂ ಹಳೆಯ ತುಂಡುಗಳನ್ನೆಲ್ಲ ಅದು ಗುರುತು ಹಿಡಿಯಿತು. ನಮ್ಮ ಮನೆಯ ಬಡಕಲು ಲೈನಿನಲ್ಲಿ ಅಷ್ಟೂ ಹಾಡು ಕಳಿಸಲು ವಾರ ಬೇಕಿತ್ತು. ರಾತ್ರಿ ಊಟ ಮುಗಿಸಿ ಏಳುವಷ್ಟರಲ್ಲಿ ಮುಗಿದಿತ್ತು.

ಮರುದಿನ ಅಕ್ಕ ಫೋನ್ ಮಾಡಿದಳು. "ತಮ್ಮಾ, ಹಾಡಿನ ಮೊದಲ ಅವ್ವ 'ಚಾಲೂ ಮಾಡ್ಲೇನಪಾ' ಅಂತ ಕೇಳ್ತಿದ್ಲಲ್ಲ, ಅದೆಲ್ಲಿ ಹೋತು?"

ಆ ಸದ್ದಿನ ಜೊತೆ ಅದನ್ನೂ ನಾನು ಕತ್ತರಿಸಿಬಿಟ್ಟಿದ್ದೆ. ಮೂಲ ಫೈಲುಗಳು ನನ್ನ ಹತ್ತಿರ ಬೇರೆ ಡಿಸ್ಕಿನಲ್ಲಿದ್ದವು. ಅವನ್ನು ವಾಪಸ್ ಹಾಕಿ ಮತ್ತೆ ಆರ್‌ಸಿಂಕ್ ಕೊಟ್ಟೆ. ಹಾಡುಗಳೆಲ್ಲ ಅಕ್ಕನ ಹತ್ತಿರ ಮೊದಲೇ ಇದ್ದವು. ಆ ರಾತ್ರಿ ಸಮುದ್ರ ದಾಟಿ ಹೋದದ್ದು ಕ್ಯಾಸೆಟ್ಟಿನ ಆ ಗೊರಗೊರ ಸದ್ದು, ಅದರ ನಡುವೆ ಅವ್ವ ಕೇಳಿದ ಆ ಒಂದು ಮಾತು.

ನಮಸ್ಕಾರ.