ಬಾಲಿಯಲ್ಲಿ ಬೋಣಿ

ಕೇಳುಗರೇ, ನಮಸ್ಕಾರ.

ಸುಮಾರು ಐದೂವರೆ ಸಾವಿರ ರೂಪಾಯಿ ಬದಲಾಯಿಸಿದರೆ ಕೈಗೆ ಹತ್ತು ಲಕ್ಷ ಬರುತ್ತದೆ. ಇಂಡೋನೇಷ್ಯಾದ ಬಾಲಿ ದ್ವೀಪದಲ್ಲಿ ನಾನೂ ಹೀಗೆ ಲಕ್ಷಾಧೀಶನಾದೆ. ಸಂಜೆ ಊಟ, ಟ್ಯಾಕ್ಸಿ ಮುಗಿಸಿ ನೋಡಿದರೆ ಜೇಬು ಅರ್ಧ ಖಾಲಿ!

ಅಲ್ಲಿನ ದುಡ್ಡು ರುಪಿಯಾ. ನಮ್ಮ ಒಂದು ರೂಪಾಯಿಗೆ 180ರಿಂದ 190 ರುಪಿಯಾ. ಇಷ್ಟೊಂದು ಸೊನ್ನೆ ಹೇಳಲು ಅಂಗಡಿಯವರಿಗೂ ಬೇಜಾರೋ ಏನೋ, ಕೊನೆಯ ಮೂರನ್ನು ಬಿಟ್ಟೇಬಿಡುತ್ತಾರೆ. 35 ಅಂದರೆ 35 ಸಾವಿರ. ಆ 35ನ್ನು ಐದೂವರೆಯಿಂದ ಗುಣಿಸಿ, ನಮ್ಮ 190 ರೂಪಾಯಿ ಆಯಿತು. ಅಷ್ಟಕ್ಕೆ ವಾರುಂಗ್‌ನಲ್ಲಿ, ಅಂದರೆ ಮನೆಯವರೇ ನಡೆಸುವ ಸಣ್ಣ ಖಾನಾವಳಿಯಲ್ಲಿ, ಅನ್ನ, ಪಲ್ಯ, ಹುದುಗಿಸಿದ ಸೋಯಾ ಕಾಳಿನ ಟೆಂಪೆ, ಸಾಂಬಾಲ್ ಎಂಬ ಖಾರದ ಚಟ್ನಿ ಸಿಗುತ್ತದೆ. ದೊಡ್ಡ ರೆಸ್ಟೋರೆಂಟಿನಲ್ಲಿ ಬೆಲೆಯ ಪಕ್ಕ ಎರಡು ಪ್ಲಸ್ ಗುರುತು ಇದ್ದರೆ ಹುಷಾರು. ತೆರಿಗೆ, ಸರ್ವಿಸ್ ಚಾರ್ಜು ಬೇರೆ ಅಂತ ಅರ್ಥ.

ಹಣ ಬದಲಾಯಿಸುವ ಕಡೆ ಇನ್ನೂ ಹುಷಾರು. ಜಾಸ್ತಿ ರೇಟಿನ ಬೋರ್ಡು ನೋಡಿ ಕೂಟಾ ಎಂಬ ಕಡಲತೀರದ ಊರಿನ ಒಂದು ಗಲ್ಲಿಯ ಅಂಗಡಿಗೆ ಹೋದೆ. ಬರೀ 20 ಸಾವಿರದ ನೋಟುಗಳನ್ನೇ ಕೊಟ್ಟ. ಎಣಿಸಿದೆ, ಸರಿ ಇತ್ತು. ಇನ್ನೊಮ್ಮೆ ನೋಡುತ್ತೇನೆ ಅಂತ ತೆಗೆದುಕೊಂಡು, ಮೇಜಿಗೆ ಕುಟ್ಟಿ ಜೋಡಿಸಿ ವಾಪಸ್ ಕೊಟ್ಟ. ರೂಮಿಗೆ ಬಂದು ಎಣಿಸಿದರೆ ಐದು ನೋಟು ಕಮ್ಮಿ. ಕೊನೆಗೆ ಎಣಿಸಿದ ಕೈ ನಮ್ಮದೇ ಆಗಿರಬೇಕಿತ್ತು.

ಮಿನಿಮಾರ್ಕೆಟ್‌ಗಳಲ್ಲಿ ಚೌಕಾಸಿಯ ತಾಪತ್ರಯ ಇಲ್ಲ, ಒಂದೇ ಬೆಲೆ. ಆದರೆ 2019ರಿಂದ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧ, ಕೈಚೀಲ ಒಯ್ಯಿರಿ. ಚಿಲ್ಲರೆ ಬದಲು ಪೆಪ್ಪರಮೆಂಟು ಕೊಡುವ ಅಭ್ಯಾಸ ಅಲ್ಲೂ ಉಂಟು!

ಪ್ರವಾಸಿಗರಿಗೆ ಕಾಣದ ಇನ್ನೊಂದು ಬೆಲೆ ಇದೆ. ಬಾಲಿಯವರು ದಿನವೂ ಮನೆ, ಅಂಗಡಿಯ ಮುಂದೆ ಎಳೆ ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಹೂವಿಡುತ್ತಾರೆ. 210 ದಿನಕ್ಕೊಮ್ಮೆ ಬರುವ ಗಲುಂಗಾನ್ ಹಬ್ಬ ಹತ್ತಿರವಾದರೆ ಗರಿ, ಹೂವು, ಹಣ್ಣಿನ ರೇಟು ಏರುತ್ತದೆ. ಎಲ್ಲಿ ನೋಡಿದರೂ ತೆಂಗು, ಆದರೂ ಗರಿ ಸಾಲದೆ ಪಕ್ಕದ ಜಾವಾದಿಂದ ತರಿಸುತ್ತಾರೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕೆ.ಆರ್. ಮಾರ್ಕೆಟ್‌ಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಚೌಕಾಸಿಗೆ ಸುಕಾವತಿ ಸಂತೆಯೇ ಸರಿ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋದೆ. ಒಂದು ಸಾರೊಂಗ್, ನಮ್ಮ ಪಂಚೆಯ ಹಾಗೆ ಸುತ್ತಿಕೊಳ್ಳುವ ಬಟ್ಟೆ, ಹಿಡಿದು 'ಬೆರಾಪಾ' ಅಂದೆ. ಎಷ್ಟು ಅಂತ. ಆ ಹೆಂಗಸು ಒಂದೂವರೆ ಲಕ್ಷ ಅಂದರು. 'ಬಿಸಾ ಕುರಾಂಗ್, ಇಬು?' ಕಮ್ಮಿ ಮಾಡ್ತೀರಾ ಅಮ್ಮ? ನಾನು 50 ಸಾವಿರ ಅಂದೆ. ಅವರು ಜೋರಾಗಿ ನಕ್ಕರು. ನಾನು ಸುಮ್ನೆ ಎರಡು ಹೆಜ್ಜೆ ನಡೆದೆ. ಕೂಗಿ ಕರೆದರು. 70 ಸಾವಿರಕ್ಕೆ ಕುದುರಿತು.

ದುಡ್ಡು ಕೊಟ್ಟೆ. ಅವರು ನೋಟುಗಳನ್ನು ಹಿಡಿದು ಅಂಗಡಿಯ ಸಾರೊಂಗ್, ಅಂಗಿ, ಚೀಲ ಎಲ್ಲಕ್ಕೂ ತಟ್ಟುತ್ತಾ ಹೋದರು. ಬಾಯಲ್ಲಿ 'ಲಾರಿಸ್, ಲಾರಿಸ್'. ಚೆನ್ನಾಗಿ ಮಾರಾಟವಾಗಲಿ ಅಂತ. ಪೆಂಗ್ಲಾರಿಸ್ ಎನ್ನುತ್ತಾರೆ, ನಮ್ಮ ಬೋಣಿಯೇ! ನಮ್ಮ ತರಕಾರಿ ಅಮ್ಮ ನೋಟನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾರೆ, ಇವರು ಸರಕಿಗೆ ಮುಟ್ಟಿಸುತ್ತಾರೆ. ಬೋಣಿ ಗಿರಾಕಿಯನ್ನು ಬರಿಗೈಲಿ ಕಳಿಸಬಾರದು ಅಂತ ಅಲ್ಲೂ ನಂಬಿಕೆ. ನನಗೆ ಬೆಲೆ ಇಳಿದದ್ದು ಅದಕ್ಕೇ, ನನ್ನ ಜಾಣತನಕ್ಕಲ್ಲ.

ಮೆಟ್ಟಿಲು ಇಳಿಯುವಾಗ ಹಿಂದೆ ಇನ್ನೊಬ್ಬ ಪ್ರವಾಸಿ ಅಂಥದ್ದೇ ಸಾರೊಂಗ್ ಹಿಡಿದು ಬೆಲೆ ಕೇಳುತ್ತಿದ್ದ. ಈಗ ಒಂದು ಲಕ್ಷ ಎಂಬತ್ತು ಸಾವಿರ!